ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಲಿ

ಮಾನ್ಯ ಸಂಪಾದಕರೇ,

ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯವಳು, ವಯಸ್ಸು 64. ಅಪ್ಪ ತೀರಿಹೋದದ್ದು 2009ರಲ್ಲಿ. ವರ್ಷಾಂತ ಕಳೆದ ಮೇಲಿನ ಮೊದಲ ನವರಾತ್ರಿಗೆ ತವರಿನಲ್ಲಿ ದುರ್ಗಾಪೂಜೆ ಇತ್ತು. ಸಪ್ತಶತೀ ಪಾರಾಯಣ ಮುಗಿದು, ಊಟವಾಗಿ, ಎಲೆ ತೆಗೆಯುವ ಹೊತ್ತಿಗೆ ಅಣ್ಣ ಚಾವಡಿಗೆ ಕರೆದರು. "ಬರುವ ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕಿ ಹೋಗು" ಎಂದರು.

ಹೋದೆ, ಹಾಕಿದೆ. ಆಧಾರ, ಅಂದರೆ ನೋಂದಣಿಯ ಆಸ್ತಿಪತ್ರ, ಪೂರ್ತಿ ಮಲಯಾಳದಲ್ಲಿತ್ತು. ನಾನು ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಮಲಯಾಳ ಕಿವಿಗೆ ಗೊತ್ತು, ಅಕ್ಷರ ಬಾರದು. ಏನು ಬರೆದಿದೆ ಎಂದು ಕೇಳಿದ್ದಕ್ಕೆ "ಎಲ್ಲ ಸರಿ ಉಂಟು" ಎಂಬ ಉತ್ತರ ಬಂತು. ಹಕ್ಕು ಬಿಟ್ಟುಕೊಡುವ ಕಾಗದವೆಂದು ತಿಳಿದಿತ್ತು. ಯಾವ ಸರ್ವೆ ನಂಬರು, ಎಷ್ಟು ಸೆಂಟ್ಸು ಎಂಬುದು ಇವತ್ತಿಗೂ ತಿಳಿಯದು. ಎರಡು ಪವನು ಬಂಗಾರ, ಒಂದು ಸೀರೆ ಕೊಟ್ಟರು. ಅಣ್ಣ ಕೆಟ್ಟವರಾಗಿರಲಿಲ್ಲ. ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ನಡೆಯುವುದೇ ಹೀಗೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಅಡಿಕೆ ತೋಟಕ್ಕೆ ನೀರು ಬರುವುದು ಗುಡ್ಡದ ಸುರಂಗದಿಂದ. ನಾನು ಎಂಟನೆಯಲ್ಲಿದ್ದಾಗ ಅದನ್ನು ತೋಡಿದ್ದು. ಒಳಗೆ ಅಪ್ಪನೂ ಕೆಲಸದವರೂ ಅಗೆದ ಮಣ್ಣನ್ನು ಅಮ್ಮ, ನಾನು, ಅಕ್ಕ ಬುಟ್ಟಿಯಲ್ಲಿ ಹೊತ್ತು ಹೊರಗೆ ಸುರಿದೆವು, ಎರಡು ಬೇಸಿಗೆ. ಮಳೆಗಾಲದಲ್ಲಿ ಅಡಿಕೆ ಸುಲಿದು ಸುಲಿದು ಅಮ್ಮನ ಹೆಬ್ಬೆರಳು ಸೀಳಿರುತ್ತಿತ್ತು. ಆಧಾರದಲ್ಲಿ ಅಮ್ಮನ ಹೆಸರಿಗೂ ಜಾಗವಿಲ್ಲ.

ಚಿಕ್ಕಂದಿನಲ್ಲಿ ಹರಕೆಯ ಯಕ್ಷಗಾನದ ಆಟಕ್ಕೆ ಗದ್ದೆಯಲ್ಲಿ ಚಾಪೆ ಹಾಸಿ ಕೂತು 'ದೇವೀಮಹಾತ್ಮೆ' ನೋಡಿದವರು ನಾವು. ದೊಂದಿ ಹಿಡಿದು ಸಭೆಯ ನಡುವಿನಿಂದ ಮಹಿಷಾಸುರ ಬರುವಾಗ ಹೆದರಿ ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದೆ. ನನಗೆ ಈಗಲೂ ಮೈ ಝುಮ್ಮೆನ್ನುವುದು ಶುಂಭನ ದೂತನಿಗೆ ದೇವಿ ಕೊಡುವ ಉತ್ತರ ಕೇಳಿದಾಗ: ಯುದ್ಧದಲ್ಲಿ ನನ್ನನ್ನು ಗೆದ್ದವನೇ ನನಗೆ ಗಂಡ. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ಹಿಮವಂತ ಸಿಂಹ ಕೊಟ್ಟ. ಯುದ್ಧ ಮುಗಿದ ಮೇಲೆ ಹಿಂದಕ್ಕೆ ಕೊಡು ಎಂದು ಯಾರೂ ಅವಳ ಸಹಿ ಕೇಳಲಿಲ್ಲ. ಸಪ್ತಶತಿಯ 11ನೆಯ ಅಧ್ಯಾಯದಲ್ಲಿ 'ಸ್ತ್ರಿಯಃ ಸಮಸ್ತಾಃ' ಎಂದಿದೆ. ಲೋಕದ ಹೆಂಗಸರೆಲ್ಲ ಅವಳ ರೂಪವೇ. ಆ ಸಾಲನ್ನು ಓದಿದ ಮನೆಯಲ್ಲೇ, ಆ ದಿನವೇ, ನನ್ನನ್ನು ಸಹಿಗೆ ಕರೆದದ್ದು.

"ಕೇರಳದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದ ಪಾಲಿಲ್ಲ" ಎಂದು ಆಗ ಹೇಳಿದ್ದರು. ಕೇರಳದ 1975ರ ಕಾಯಿದೆ ಇಲ್ಲಿ ಹಿಂದೂ ಕೂಡುಕುಟುಂಬವನ್ನೇ ರದ್ದು ಮಾಡಿರುವುದರಿಂದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ 2005ರ ಕೇಂದ್ರದ ತಿದ್ದುಪಡಿ ನಮಗೆ ಸಲ್ಲದು ಎಂಬ ವಾದ. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಅದನ್ನು ತಳ್ಳಿಹಾಕಿದೆ. 2004ರ ಡಿಸೆಂಬರ್ 20ರ ಅನಂತರ ತೀರಿಕೊಂಡ ತಂದೆಯ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಉಂಟು. ಆ ತಾರೀಕಿಗೆ ಮೊದಲೇ ನೋಂದಣಿಯಾದ ಪಾಲುಪಟ್ಟಿಗಳಿಗೆ ಇದು ಅನ್ವಯಿಸದು. ಈ ಸುದ್ದಿ ನಮ್ಮ ಅಡಿಗೆಮನೆಗಳಿಗೆ ಇನ್ನೂ ತಲುಪಿಲ್ಲ.

ನನ್ನ ಕೋರಿಕೆ ಇಷ್ಟೇ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಹಾಗಿರುವಾಗ ಹಕ್ಕು ಬಿಟ್ಟುಕೊಡುವವಳಿಗೆ ಆಧಾರವನ್ನು ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಿಸಬಾರದು. ಆಧಾರ ಬರೆಯುವವರು ಮನಸ್ಸು ಮಾಡಿದರೆ ಅರ್ಧ ಗಂಟೆಯ ಕೆಲಸ.

ಅಣ್ಣ ಹೋದ ವರ್ಷ ತೀರಿಕೊಂಡರು. ಕಳೆದ ವಾರ ಅವರ ಮಗಳು ಮಂಗಳೂರಿನಿಂದ ಫೋನು ಮಾಡಿದಳು: "ಅತ್ತೆ, ಸಹಿಗೆ ಬಾ ಎಂದು ತಮ್ಮ ಹೇಳುತ್ತಿದ್ದಾನೆ." ಮೊದಲು ಕರಡು ತರಿಸಿಕೋ, ಓದಿಸಿ ಕೇಳು, ಆಮೇಲೆ ಬಸ್ಸು ಹತ್ತು ಎಂದೆ. ಓದಿಸುವ ದಿನ ನಾನೂ ಅವಳ ಪಕ್ಕದಲ್ಲಿ ಕೂರುತ್ತೇನೆ.

— ಒಬ್ಬಳು ಓದುಗಾರ್ತಿ, ಬದಿಯಡ್ಕ