ಪಿರಮಿಡ್ಡಿಗೂ ಒಬ್ಬ ರೈಟರ್ ಇದ್ದ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಪಿರಮಿಡ್ ಬಗ್ಗೆ ಒಂದು ಪೂರ್ತಿ ಪುಟ ಬಂದಿತ್ತು. ದೊಡ್ಡ ಬಣ್ಣದ ಚಿತ್ರ, ಅದರ ಮೇಲೆ ಊಟದ ತಟ್ಟೆಯಂಥ ವಿಮಾನ. ಇವತ್ತಿನ ಯಂತ್ರಗಳಿಗೂ ಆಗದ ಕೆಲಸವನ್ನು ಆಗ ಮಾಡಿದವರು ಯಾರು ಅಂತ ಕೇಳಿ, ಉತ್ತರ ಕೊಡದೆ, ಆಕಾಶದ ಕಡೆ ಬೆರಳು ತೋರಿಸಿ ಮುಗಿಸಿದ್ದೀರಿ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಆದೀತು, ಕತ್ತರಿ ಹಾಕುವುದಾದರೆ ನೋಡಿ ಹಾಕಿ.

ನಾನು ಸೋಮವಾರಪೇಟೆ ಕಡೆಯವನು. 34 ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಕೊಡಗಿನ ಹೊರಗಿನವರು ಇದನ್ನು ಓದಿ ಕತೆ, ಕಾದಂಬರಿ ಅಂದುಕೊಳ್ಳಬಾರದು. ನಾನು ಬರೆದದ್ದು ಚೆಕ್‌ರೋಲ್. ಬೆಳಿಗ್ಗೆ ಯಾರು ಬಂದರು, ಯಾವ ಬ್ಲಾಕಿಗೆ ಹೋದರು, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ) ಎಷ್ಟು ಆಳು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು, ಯಾರಿಗೆ ಅರ್ಧ ದಿನ. ವಾರಕ್ಕೊಮ್ಮೆ ಬಟವಾಡೆ. ಇಷ್ಟೇ ನನ್ನ ಸಾಹಿತ್ಯ.

ನಿಮ್ಮ ಪುರವಣಿ ನಮ್ಮೂರ ಟೀ ಅಂಗಡಿಗೆ ಬರುತ್ತದೆ. ನಮ್ಮ ತೋಟದ ಹಳೇ ಮೇಸ್ತ್ರಿಗೆ ಈಗ ಕಣ್ಣು ಮಂಜು. ಅವರ ಮೊಮ್ಮಗ ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದ. ಎಲ್ಲ ಕೇಳಿಸಿಕೊಂಡು ಮೇಸ್ತ್ರಿ ನನ್ನ ಕಡೆ ತಿರುಗಿದರು. "ಅಲ್ಲ ರೈಟ್ರೇ, ಅಷ್ಟು ಜನ ಕೆಲಸ ಮಾಡಿದ್ರೆ ಚೆಕ್‌ರೋಲ್ ಬರೆಯೋರು ಅಲ್ಲಿ ಯಾರೂ ಇರ್ಲಿಲ್ವಾ?"

ಇದ್ದ. ಅವನ ಹೆಸರು ಮೆರೆರ್.

2013ರಲ್ಲಿ ಈಜಿಪ್ಟಿನಲ್ಲಿ, ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಅನ್ನುವ ಜಾಗದಲ್ಲಿ ಪಿಯರ್ ತಾಲೆ ಎಂಬ ಫ್ರೆಂಚ್ ವಿದ್ವಾಂಸರ ತಂಡ ಅಗೆಯುತ್ತಿತ್ತು. ದೋಣಿ ಇಡುತ್ತಿದ್ದ ಗುಹೆಗಳ ಬಾಯಿ ಮುಚ್ಚಿದ ಕಲ್ಲುಗಳ ಸಂದಿಯಲ್ಲಿ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಆ ಕಾಲದ ಕಾಗದದ ಹಾಳೆಗಳು ಸಿಕ್ಕವು. ಬರಹ ಇರುವ ಪಪೈರಸ್‌ನಲ್ಲಿ ಇದಕ್ಕಿಂತ ಹಳೆಯದು ಪ್ರಪಂಚದಲ್ಲಿ ಸಿಕ್ಕಿಲ್ಲ. ಸುಮಾರು 4,500 ವರ್ಷ ಹಿಂದಿನದು. ಅದರಲ್ಲಿ ಮಂತ್ರ ಇಲ್ಲ, ರಾಜನ ಹೊಗಳಿಕೆ ಇಲ್ಲ. ಇರುವುದು ದಿನಚರಿ. ಮೆರೆರ್ ಸುಮಾರು 40 ಜನರ ಒಂದು ಗುಂಪಿನ ಮೇಲ್ವಿಚಾರಕ. ತುರಾ ಎಂಬಲ್ಲಿಯ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ತುಂಬಿ, ನೈಲ್ ನದಿ ದಾಟಿಸಿ, ಗೀಜಾದಲ್ಲಿ ಏಳುತ್ತಿದ್ದ ಖುಫು ರಾಜನ ಪಿರಮಿಡ್ಡಿಗೆ ಮುಟ್ಟಿಸುವುದು ಅವರ ಕೆಲಸ.

ಒಂದು ದಿನ ಗುಂಪಿನ ಜೊತೆ ತುರಾದಲ್ಲಿ ಕಲ್ಲು ಎಳೆದದ್ದು, ರಾತ್ರಿ ಅಲ್ಲೇ ತಂಗಿದ್ದು. ಮಾರನೇ ದಿನ ಕಲ್ಲು ತುಂಬಿ ಹೊರಟದ್ದು, ರಾತ್ರಿ ಖುಫುವಿನ ಕೆರೆಯ ಹತ್ತಿರ. ಅದರ ಮಾರನೇ ದಿನ ಪಿರಮಿಡ್ ಹತ್ತಿರ. ಆಮೇಲೆ ಬೆಳಿಗ್ಗೆ ಎದ್ದು ಖಾಲಿ ದೋಣಿಯಲ್ಲಿ ವಾಪಸ್ ತುರಾಕ್ಕೆ. ಹತ್ತು ದಿನಕ್ಕೆ ಎರಡೋ ಮೂರೋ ಟ್ರಿಪ್. ಉಸ್ತುವಾರಿ ಅಂಖ್‌ಹಾಫ್ ಎಂಬ ದೊಡ್ಡ ಅಧಿಕಾರಿಯದು, ಖುಫುವಿನ ಮಲತಮ್ಮ. ಓದಿದಾಗ ನನಗೆ ನಗು ಬಂತು. ಪಿರಮಿಡ್ ಎಷ್ಟು ಅದ್ಭುತ ಅಂತ ಆ ಪುಣ್ಯಾತ್ಮ ಒಂದು ಸಾಲೂ ಬರೆದಿಲ್ಲ. ನಾನೂ 34 ವರ್ಷದಲ್ಲಿ ಕಾಫಿ ಹೂ ಬಿಟ್ಟದ್ದು ಎಷ್ಟು ಚೆನ್ನಾಗಿತ್ತು ಅಂತ ಚೆಕ್‌ರೋಲ್‌ನಲ್ಲಿ ಬರೆದವನಲ್ಲ.

ಅದೇ ಹಾಳೆಗಳ ಜೊತೆ ದಿನಸಿ ಲೆಕ್ಕವೂ ಸಿಕ್ಕಿದೆ. ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು, ಬಾಕಿ ಎಷ್ಟು. ಕಪ್ಪು ಶಾಯಿ, ಕೆಂಪು ಶಾಯಿ. ನಮ್ಮ ಆಫೀಸಿನಲ್ಲೂ ಅಕ್ಕಿ ಕೊಡುತ್ತಿದ್ದ ಕಾಲದಲ್ಲಿ ಇದೇ ಮೂರು ಕಾಲಂ ಇತ್ತು. ಸ್ವಾಮಿ, ಬೇರೆ ಗ್ರಹದಿಂದ ಬಂದವರು ಬಾಕಿ ಲೆಕ್ಕ ಬರೆದಿಡುತ್ತಾರಾ?

ಇನ್ನು 'ಅಷ್ಟು ದೊಡ್ಡ ಕಲ್ಲನ್ನು ಮನುಷ್ಯರು ಎಳೆಯೋಕೆ ಸಾಧ್ಯವೇ ಇಲ್ಲ' ಅನ್ನುವ ಮಾತು. ಇದಕ್ಕೆ ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ.

2018ರ ಆಗಸ್ಟ್ ಮಳೆಯಲ್ಲಿ ಮಾದಾಪುರದ ಸುತ್ತಮುತ್ತ ಗುಡ್ಡಗಳು ಹೇಗೆ ಜರಿದವು ಅಂತ ನಿಮ್ಮ ಪತ್ರಿಕೆಯೇ ಬರೆದಿತ್ತು. ನಮ್ಮ ತೋಟದ ಒಳಗಿನ ರಸ್ತೆಗೂ ಮೇಲಿನಿಂದ ಒಂದು ಬಂಡೆ ಉರುಳಿ ಬಂದು ಕೂತಿತು. ಮಳೆಗಾಲ ಮುಗಿಯುವ ತನಕ ಪಕ್ಕದಲ್ಲಿ ಕಾಲುದಾರಿ ಮಾಡಿಕೊಂಡೆವು. ಜನವರಿಯಲ್ಲಿ ಕೊಯ್ಲು ಶುರುವಾಯಿತು. ಮೇಲಿನ ಬ್ಲಾಕಿನಿಂದ ಕಣಕ್ಕೆ ಟ್ರಾಕ್ಟರ್ ಇಳಿಯಬೇಕು, ಕಲ್ಲು ಅಡ್ಡ. ಜೆಸಿಬಿ ತರಿಸೋಣ ಅಂದರೆ ಗೇಟಿನ ಹತ್ತಿರದ ಮೋರಿ ಕೊಚ್ಚಿಹೋಗಿತ್ತು. ನಾನು ಟೇಪ್ ಹಿಡಿದು ಅಳೆದೆ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಮೂಲೆ ಮುಕ್ಕು ಕಳೆದರೂ ಎರಡು ಟನ್‌ಗೆ ಮೋಸವಿಲ್ಲ. ಪಿರಮಿಡ್ಡಿನ ಕಲ್ಲಿನ ಸರಾಸರಿ ತೂಕ ಎರಡೂವರೆ ಟನ್ ಅಂತ ಆಮೇಲೆ ಓದಿದೆ.

ಮೇಸ್ತ್ರಿ ಮೊದಲು ಕಲ್ಲನ್ನು ಮುಟ್ಟಲೇ ಇಲ್ಲ. ಬೀಡಿ ಹಚ್ಚಿಕೊಂಡು ಎರಡು ಸುತ್ತು ಬಂದರು. ಬಿದ್ದಿದ್ದ ಹಲಸಿನ ಮರದಲ್ಲಿ ಕವಲು ಇರುವ ತುಂಡೊಂದನ್ನು ಕಡಿಸಿ ತರಿಸಿದರು. ಮೂರು ಹಾರೆ ಕೊಟ್ಟು ಒಂದು ಬದಿ ಎತ್ತುವುದು, ಒಬ್ಬ ಹುಡುಗ ಸಂದಿಗೆ ಸಣ್ಣ ಕಲ್ಲು ತುರುಕುವುದು, ಮತ್ತೆ ಎತ್ತುವುದು. ಒಂದೊಂದು ಸಲಕ್ಕೆ ಎರಡು ಬೆರಳು. ಹತ್ತೂವರೆ ಹೊತ್ತಿಗೆ ಬಂಡೆ ಆ ಕವಲಿನ ಮೇಲೆ ಕೂತಿತ್ತು. ಆಮೇಲೆ ಲಾರಿ ಹಗ್ಗ ಕಟ್ಟಿ 'ಐಸಾ' ಅಂತ ಎಳೆದರೆ ಅಲ್ಲಾಡಲಿಲ್ಲ. ಜನವರಿ ಧೂಳು, ಮರದ ಮುಂದೆ ಮಣ್ಣು ಗುಡ್ಡೆಯಾಗಿ ನಿಲ್ಲುತ್ತಿತ್ತು. ಇಬ್ಬರು ಹುಡುಗರು ಕೊಡದಲ್ಲಿ ನೀರು ತಂದು ಒಮ್ಮೆಗೇ ಸುರಿದರು. ಕೆಸರಾಗಿ ಮರ ಹೂತುಕೊಂಡಿತು, ಎಳೆಯುವವರ ಕಾಲೂ ಜಾರಿತು. ಮೇಸ್ತ್ರಿ ಬಾಯಿಗೆ ಬಂದ ಹಾಗೆ ಬೈದರು. ಒಣ ಮಣ್ಣು ಹಾಕಿಸಿ, ಕೈಯಲ್ಲಿ ಚಿಮುಕಿಸಿ ಒದ್ದೆ ಮಾಡಿಸಿದರು. ಆಗ ಹೊರಟಿತು ನೋಡಿ. 14 ಜನ, 40 ಅಡಿ. ಸಂಜೆ ನಾಲ್ಕಕ್ಕೆ ಬಂಡೆ ತಿರುವಿನ ಪಕ್ಕಕ್ಕೆ ಸರಿದಿತ್ತು. ಈಗಲೂ ಅಲ್ಲೇ ಇದೆ, ಮೇಲೆ ಪಾಚಿ ಬಂದಿದೆ.

ಈಜಿಪ್ಟಿನಲ್ಲಿ ಜೆಹುತಿಹೋತೆಪ್ ಅನ್ನುವ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ ಒಂದು ಚಿತ್ರ ಇತ್ತು. ಖುಫುವಿನ ಕಾಲಕ್ಕಿಂತ 600-700 ವರ್ಷ ಈಚಿನದು. ಭಾರಿ ವಿಗ್ರಹವನ್ನು ಮರದ ಜಾರುಬಂಡಿಯ ಮೇಲೆ ಕಟ್ಟಿ 172 ಜನ ಎಳೆಯುತ್ತಿದ್ದಾರೆ. ಬಂಡಿಯ ಮುಂತುದಿಯಲ್ಲಿ ಒಬ್ಬ ನಿಂತು ಮರಳಿಗೆ ನೀರು ಹೊಯ್ಯುತ್ತಿದ್ದಾನೆ. ಅದೇನೋ ಪೂಜೆ ಇರಬೇಕು ಅಂತ ಬಹಳ ಜನ ಬರೆದಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮರಳು ಹಾಕಿ, ಜಾರುಬಂಡಿ ಎಳೆದು ಅಳೆದು ನೋಡಿದರು. ಹದವಾಗಿ ಒದ್ದೆ ಮಾಡಿದರೆ ಎಳೆಯುವ ಬಲ ಅರ್ಧ ಸಾಕು. ನೀರು ಜಾಸ್ತಿಯಾದರೆ ಮತ್ತೆ ಕಷ್ಟ. ನಮ್ಮ ಮೇಸ್ತ್ರಿ ಇದನ್ನು ಯಾವ ಪತ್ರಿಕೆಯಲ್ಲೂ ಪ್ರಕಟಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಲೆಕ್ಕ ನನ್ನ ಚಟ. ಖುಫು ಪಿರಮಿಡ್ಡಿನಲ್ಲಿ ಸುಮಾರು 23 ಲಕ್ಷ ಕಲ್ಲು ಅನ್ನುತ್ತಾರೆ. 20 ವರ್ಷ ಅಂದುಕೊಳ್ಳಿ. ದಿನಕ್ಕೆ 315 ಕಲ್ಲು ಬಿತ್ತು. ಹತ್ತು ಗಂಟೆ ಕೆಲಸ ಅಂದರೆ ಎರಡು ನಿಮಿಷಕ್ಕೊಂದು. ನಿಮ್ಮ ಲೇಖಕರು ಇಲ್ಲಿಗೇ ಹೌಹಾರಿ ಪೆನ್ನು ಕೆಳಗಿಟ್ಟಿದ್ದಾರೆ. ಆದರೆ ಒಂದೇ ಗುಂಪು ಎಳೆಯಿತು ಅಂತ ಯಾರು ಹೇಳಿದ್ದು? 20 ಜನರ ಗುಂಪು ದಿನಕ್ಕೆ ಎರಡೇ ಕಲ್ಲು ತಂದರೂ 158 ಗುಂಪು ಸಾಕು. ಅಂದರೆ 3,200 ಜನ. ಹೆಚ್ಚಿನ ಕಲ್ಲೆಲ್ಲ ಗೀಜಾದ ಪಕ್ಕದಲ್ಲೇ ಕಡಿದದ್ದು. ದೋಣಿಯಲ್ಲಿ ತಂದದ್ದು ಮೇಲಿನ ಹೊದಿಕೆಯ ಬಿಳಿ ಕಲ್ಲು, ಮತ್ತೆ ಒಳಕೋಣೆಗೆ ಸುಮಾರು 800 ಕಿ.ಮೀ. ದೂರದ ಅಸ್ವಾನಿನ ಗ್ರಾನೈಟ್. ಕಲ್ಲು ಕಡಿಯುವವರು, ಹಗ್ಗ ಹೊಸೆಯುವವರು, ರೊಟ್ಟಿ ಸುಡುವವರು ಎಲ್ಲ ಸೇರಿ 20,000 ಜನ ಇದ್ದಿರಬಹುದು ಅಂತ ತಿಳಿದವರ ಅಂದಾಜು. ಒಂದು ಲಕ್ಷ ಅಂತ ಹೇಳಿದವನು ಗ್ರೀಸಿನ ಹೆರೊಡೊಟಸ್. ಅವನು ಅಲ್ಲಿಗೆ ಹೋಗಿದ್ದು ಪಿರಮಿಡ್ ಕಟ್ಟಿ 2,000 ವರ್ಷ ಆದ ಮೇಲೆ. ಅವನಿಗೆ ಸಿಕ್ಕಿದ್ದು ಅಲ್ಲಿಯವರ ಬಾಯಿಮಾತು.

ನಿಜವಾದ ಜಗಳ ಇರುವುದು ಕಲ್ಲನ್ನು ಮೇಲೆ ಏರಿಸಿದ್ದು ಹೇಗೆ ಅನ್ನುವುದರಲ್ಲಿ. ಮೆರೆರ್ ಅದನ್ನು ಬರೆದಿಲ್ಲ. ಅವನ ಕೆಲಸ ದೋಣಿಗೇ ಮುಗಿಯಿತು. ನೇರವಾಗಿ ಒಂದು ಇಳಿಜಾರು ಕಟ್ಟಿದ್ದರು ಅನ್ನುವವರಿದ್ದಾರೆ. 146 ಮೀಟರ್ ಎತ್ತರಕ್ಕೆ ಹತ್ತಕ್ಕೊಂದರ ಏರು ಬೇಕೆಂದರೆ ಒಂದೂವರೆ ಕಿ.ಮೀ. ಉದ್ದದ ದಿಬ್ಬ ಬೇಕು. ಆ ದಿಬ್ಬಕ್ಕೇ ಇನ್ನೊಂದು ಪಿರಮಿಡ್ಡಿನಷ್ಟು ಮಣ್ಣು ಕಲ್ಲು ಹಿಡಿಯುತ್ತದೆ. ಹಾಗಾಗಿ ಸುತ್ತಿಕೊಂಡು ಏರುವ ದಾರಿ ಅಂತ ಕೆಲವರು. ಸಂಪಾಜೆ ಘಾಟಿಯಲ್ಲಿ ಮೋಪಿನ ಲಾರಿ ತಿರುವು ತೆಗೆದುಕೊಳ್ಳುವುದನ್ನು ನೋಡಿದವರಿಗೆ ಇದರ ಕಷ್ಟ ಗೊತ್ತು. ಮೂಲೆಯಲ್ಲಿ 20 ಜನ ಒಂದೇ ಸಾಲಿನಲ್ಲಿ ನಿಂತು ಎಳೆಯೋದು ಎಲ್ಲಿಂದ? ದಾರಿ ಪಿರಮಿಡ್ಡಿನ ಒಳಗೇ ಸುತ್ತಿಕೊಂಡು ಹೋಗಿತ್ತು ಅಂತ ಜಾನ್-ಪಿಯರ್ ಹೂದಾನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿಯ ವಾದ. ಹೆಚ್ಚಿನ ಪುರಾತತ್ವದವರು ಒಪ್ಪಿಲ್ಲ. ಕಲ್ಲನ್ನು ಎಳೆಯಲೇ ಇಲ್ಲ, ಕಾಂಕ್ರೀಟಿನ ಹಾಗೆ ಅಚ್ಚಿನಲ್ಲಿ ಎರೆದರು ಅಂತ ಇನ್ನೊಂದು ವಾದ. ಹಾಗಾದರೆ ಗಣಿಯಲ್ಲಿ ಕಲ್ಲು ಕಡಿದ ಗುರುತು ಯಾಕಿದೆ, ತುರಾದಿಂದ ಮೆರೆರ್ ಹೊತ್ತು ತಂದದ್ದು ಏನನ್ನು? ಇದು ನನಗೆ ಹಿಡಿಸಲಿಲ್ಲ.

ನನಗೆ ಹಿಡಿಸಿದ್ದು 2018ರಲ್ಲಿ ಹತ್‌ನುಬ್ ಗಣಿಯಲ್ಲಿ ಸಿಕ್ಕ ಏರುದಾರಿ. ಖುಫುವಿನ ಕಾಲದ್ದೇ. ಕಡಿದಾದ ಏರು, ಎರಡೂ ಪಕ್ಕ ಮೆಟ್ಟಿಲು, ಗೂಟ ನೆಟ್ಟ ಗುಂಡಿಗಳು. ಗೂಟಕ್ಕೆ ಹಗ್ಗ ಸುತ್ತಿ ಎಳೆದಿರಬೇಕು ಅನ್ನುತ್ತಾರೆ. ನಮ್ಮಲ್ಲಿ ಇಳಿಜಾರಿನಲ್ಲಿ ಮರದ ದಿಮ್ಮಿ ಇಳಿಸುವಾಗ ಹಗ್ಗವನ್ನು ನಿಂತ ಮರಕ್ಕೆ ಒಂದು ಸುತ್ತು ಹಾಕಿ ಬಿಡುವುದಿಲ್ವಾ, ಅದೇ ಉಪಾಯ. ಇನ್ನೊಂದು ಮಾತು. ಕಣದಲ್ಲಿ ಕಾಫಿ ರಾಶಿ ಹಾಕಿದವರಿಗೆ ಗೊತ್ತು, ಕಾಳೆಲ್ಲ ಇರುವುದು ಬುಡದಲ್ಲೇ. ಪಿರಮಿಡ್ಡೂ ಹಾಗೆ. ಕೆಳಗಿನ ಮೂರನೇ ಒಂದು ಭಾಗ ಎತ್ತರದಲ್ಲಿ ನೂರಕ್ಕೆ 70 ಪಾಲು ಕಲ್ಲು ಮುಗಿದುಹೋಗುತ್ತದೆ. ಗಿಡ್ಡ ದಾರಿಗಳು ಅಷ್ಟಕ್ಕೆ ಸಾಕು. ತುದಿಗೆ ಬೇರೆ ಉಪಾಯ ಮಾಡಿರಬಹುದು.

ಕೆಲಸದವರ ಬಗ್ಗೆ ನಿಮ್ಮ ಪುಟದಲ್ಲಿ ಒಂದೇ ಸಾಲು, ಅದೂ ಚಾಟಿ ಏಟಿನ ಗುಲಾಮರು ಅಂತ. 1990ರಲ್ಲಿ ಗೀಜಾದಲ್ಲಿ ಒಂದು ಕುದುರೆ ಹೂತುಹೋಗಿದ್ದ ಮಣ್ಣಿಟ್ಟಿಗೆಯ ಗೋಡೆಗೆ ಎಡವಿತು. ಅಗೆದರೆ ಕೆಲಸದವರ ಸಮಾಧಿಗಳು. ರಾಜನ ಪಿರಮಿಡ್ಡಿನ ಹತ್ತಿರವೇ. ಮೂಳೆ ಮುರಿದು, ಕೂಡಿಸಿಕೊಂಡು, ವಾಸಿಯಾದ ಅಸ್ಥಿಗಳಿವೆ. ಯಾರೋ ಪಟ್ಟಿ ಕಟ್ಟಿದ್ದಾರೆ, ಕೂರಿಸಿ ಊಟ ಹಾಕಿದ್ದಾರೆ. ಹತ್ತಿರದ ಊರಿನಲ್ಲಿ ರೊಟ್ಟಿ ಸುಡುವ ಮನೆಗಳು, ದನ ಕುರಿ ಮೇಕೆಯ ಮೂಳೆ ರಾಶಿರಾಶಿ. ಹಾಗಂತ ಅದು ಸುಖದ ಕೆಲಸ ಅಂತ ನಾನು ಹೇಳುವುದಿಲ್ಲ. ನಮ್ಮ ರಾಜರ ಕಾಲದಲ್ಲಿ ಬಿಟ್ಟಿ ಚಾಕರಿ ಅಂತಿತ್ತು, ಊರಿಗಿಷ್ಟು ಆಳು ಕೊಡಬೇಕು. ಅಲ್ಲಿಯದೂ ಸುಮಾರು ಅದೇ ಜಾತಿಯದು ಇರಬೇಕು, ಊಟ ಮಾತ್ರ ಚೆನ್ನಾಗಿತ್ತು. ಗುಂಪುಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಿವೆ. ಒಂದು 'ಖುಫುವಿನ ಗೆಳೆಯರು'. ಇನ್ನೊಂದು, ಮೆಂಕೌರೆ ಎಂಬ ಬೇರೆ ರಾಜನ ಪಿರಮಿಡ್ಡಿನ ಗುಂಪು, 'ಮೆಂಕೌರೆಯ ಕುಡುಕರು'. ಬಟವಾಡೆ ದಿನದ ಸಂಜೆ ನೋಡಿದ ನನಗೆ ಇದಕ್ಕೆ ಸಾಕ್ಷಿ ಬೇಡ.

ಇಷ್ಟೆಲ್ಲ ಹಾಜರಿ ಇರುವಾಗ ಅದನ್ನು ಹೊಡೆದುಹಾಕಿ ಆಕಾಶದವರ ಹೆಸರು ಬರೆದಿರಲ್ಲ, ನನಗೆ ಬೇಜಾರಾದದ್ದು ಅದಕ್ಕೆ. ನಮ್ಮಲ್ಲೂ ಈ ಅಭ್ಯಾಸ ಉಂಟು. ಚಪ್ಪಡಿ ನಿಲ್ಲಿಸಿ ಮಾಡಿದ ಹಳೇ ಕಲ್ಲುಗೋರಿಗಳನ್ನು ಪಾಂಡವರ ಲೆಕ್ಕಕ್ಕೆ ಬರೆದುಬಿಟ್ಟಿದ್ದೇವೆ. ಆದರೆ ಕೊಡಗಿನ ಗುಡ್ಡಗಳ ಮೇಲೆ ಮೈಲಿಗಟ್ಟಲೆ ಹೋಗುವ ಕಡಂಗ ಎಂಬ ಹಳೇ ಕಂದಕ ಇದೆಯಲ್ಲ, ಅದನ್ನು ಅಗೆದವರು ನಮ್ಮ ಜನ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ನಿಗೂಢ ಬೇಕೇಬೇಕು ಅಂದರೆ 2017ರಲ್ಲಿ ಖುಫು ಪಿರಮಿಡ್ಡಿನೊಳಗೆ ಕಲ್ಲನ್ನೂ ತೂರಿಹೋಗುವ ಮ್ಯುಆನ್ ಎಂಬ ಸೂಕ್ಷ್ಮ ಕಣಗಳ ಸಹಾಯದಿಂದ ಪತ್ತೆಯಾದ 30 ಮೀಟರಿಗೂ ಉದ್ದದ ಖಾಲಿ ಜಾಗದ ಬಗ್ಗೆ ಬರೆಸಿ. ಯಾತಕ್ಕೆ ಬಿಟ್ಟರು ಅಂತ ಇನ್ನೂ ಚರ್ಚೆ ನಡೆದಿದೆ.

ಮೆರೆರ್ ಕತೆಯನ್ನು ಮೇಸ್ತ್ರಿಗೆ ಅವತ್ತೇ ಅಂಗಡಿಯಲ್ಲಿ ಹೇಳಿದೆ. ಆ ನೀರು ಹೊಯ್ಯುವವನ ಚಿತ್ರದ ಬಗ್ಗೆಯೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನಮ್ಮ ಬಂಡೆ ಎಳೆದ ದಿನ ನೀರು ತಂದ ಆ ಇಬ್ಬರು ಹುಡುಗರಿಗೆ ನೀವು ಅರ್ಧ ದಿನ ಬರೆದಿದ್ರಿ ರೈಟ್ರೇ" ಎಂದರು. ಹೌದು. ಚೆಕ್‌ರೋಲ್‌ನಲ್ಲಿ ಕಲ್ಲು ಎಳೆಯುವುದಕ್ಕೆ ಕಾಲಂ ಇರಲಿಲ್ಲ. 'ರಸ್ತೆ ರಿಪೇರಿ, 12 ಪೂರ್ತಿ, 2 ಅರ್ಧ' ಅಂತ ಬರೆದಿದ್ದೆ. ಅವರು ಹಗ್ಗ ಹಿಡಿದಿರಲಿಲ್ಲ ಅಂತ ನನ್ನ ವಾದ.

"ಅಲ್ಲಿ ನೀರು ಹೊಯ್ಯೋನನ್ನ ಎಲ್ಲಿ ನಿಲ್ಸಿದಾರೆ?" ಅಂತ ಕೇಳಿದರು.

"ಬಂಡಿಯ ಮೇಲೆ. ವಿಗ್ರಹದ ಕಾಲ ಹತ್ತಿರ."

"ಮತ್ತೆ?" ಎಂದರು.

ಅವತ್ತಿನ ಟೀ ದುಡ್ಡು ನಾನೇ ಕೊಟ್ಟೆ.

ಇಂತಿ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಸೋಮವಾರಪೇಟೆ ತಾಲ್ಲೂಕು, ಕೊಡಗು