ನಂಬರಿಗೆ ಬೀಗ ಹಾಕಬೇಡಿ, ಮುಂದಿನವರ ಬೆನ್ನಿಗೆ ಕೊಡಿ

ಮಾನ್ಯ ಸಂಪಾದಕರೇ,

ಸುನಿಲ್ ಚೆಟ್ರಿ ಆಟ ನಿಲ್ಲಿಸಿದ ಮೇಲೆ ಬೆಂಗಳೂರು ಎಫ್‌ಸಿ ಕ್ಲಬ್ಬಿನವರು ಅವರ 11ನೇ ನಂಬರಿನ ಜೆರ್ಸಿಯನ್ನು ಯಾರಿಗೂ ಕೊಡಬಾರದು, ಶಾಶ್ವತವಾಗಿ ರಿಟೈರ್ ಮಾಡಿಬಿಡಬೇಕು ಅನ್ನುವ ಮಾತನ್ನು ನಮ್ಮೂರಿನ ಫುಟ್‌ಬಾಲ್ ಅಭಿಮಾನಿಗಳ ನಡುವೆ ಆಗಾಗ ಕೇಳುತ್ತಿರುತ್ತೇನೆ. 2013ರಲ್ಲಿ ಕ್ಲಬ್ ಶುರುವಾದಾಗಲೇ ಬಂದು, ಮೊದಲ ಸೀಸನ್‌ನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟು, 2019ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟ್ರೋಫಿಯನ್ನೂ ಎತ್ತಿದ ನಾಯಕ ಅವರು. ಇಷ್ಟು ಪ್ರೀತಿ ಇರುವುದು ಸಹಜ, ನನಗೂ ಇದೆ. ಆದರೆ ನಂಬರನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಅವರಿಗೆ ತೋರಿಸುವ ದೊಡ್ಡ ಗೌರವ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಜಾಗ ಕೊಡಿ.

ಅರ್ಜೆಂಟೀನಾದಲ್ಲಿ ಏನಾಯಿತು ನೋಡಿ. 2001ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಮರಡೋನಾ ಅವರ ಗೌರವಕ್ಕಾಗಿ 10ನೇ ನಂಬರನ್ನು ರಾಷ್ಟ್ರೀಯ ತಂಡದಿಂದಲೇ ತೆಗೆದುಬಿಡೋಣ ಅಂತ ತೀರ್ಮಾನಿಸಿತು. 2002ರ ವಿಶ್ವಕಪ್‌ಗೆ 10 ಒಂದನ್ನು ಬಿಟ್ಟು 24ರವರೆಗೆ ನಂಬರ್ ಹಾಕಿದ ಪಟ್ಟಿಯನ್ನೂ ಕಳಿಸಿತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪಲಿಲ್ಲ. 23 ಜನ ಇದ್ದೀರಿ, 1ರಿಂದ 23ರವರೆಗೆ ಎಲ್ಲ ನಂಬರೂ ಇರಲೇಬೇಕು ಅಂತ ವಾಪಸ್ ಕಳಿಸಿತು. ಕೊನೆಗೆ ಏರಿಯಲ್ ಒರ್ಟೆಗಾ 10 ತೊಟ್ಟು ಆಡಿದರು. ಮರಡೋನಾ ಅಂದರೆ ಪ್ರಾಣ ಬಿಡುವ ಜನಕ್ಕೆ ಆಗ ಬೇಜಾರಾಗಿರಬಹುದು. ಆದರೆ ಫಿಫಾ ಅವತ್ತು ಹೂಂ ಅಂದುಬಿಟ್ಟಿದ್ದರೆ ಮೆಸ್ಸಿ ಬೆನ್ನ ಮೇಲೆ ಆ 10 ಬರುತ್ತಲೇ ಇರಲಿಲ್ಲ, ಅಲ್ವಾ? 2010ರ ವಿಶ್ವಕಪ್‌ನಲ್ಲಿ ಮೆಸ್ಸಿ 10 ತೊಟ್ಟು ಮೈದಾನದಲ್ಲಿ ಓಡುತ್ತಿದ್ದಾಗ ಗೆರೆಯಾಚೆ ಕೋಚ್ ಆಗಿ ನಿಂತಿದ್ದವರು ಮರಡೋನಾ ಅವರೇ. 1986ರಲ್ಲಿ ಅವರು ಗೆದ್ದ ಕಪ್ಪನ್ನು 36 ವರ್ಷಗಳ ನಂತರ ಕತಾರ್‌ನಲ್ಲಿ ಅದೇ ನಂಬರಿನ ಇನ್ನೊಬ್ಬ ನಾಯಕ ಎತ್ತಿದಾಗ ಟಿವಿ ಮುಂದೆ ಕೂತಿದ್ದ ನಮ್ಮಲ್ಲಿ ಎಷ್ಟು ಜನಕ್ಕೆ ಮರಡೋನಾ ನೆನಪಾದರು! ನಂಬರ್ ಕಪಾಟಿನಲ್ಲಿ ಇದ್ದಿದ್ದರೆ ಇಷ್ಟು ನೆನಪಾಗುತ್ತಿದ್ದರಾ? ಈಗ ಮೆಸ್ಸಿ ನಂತರ 10 ಯಾರಿಗೂ ಕೊಡುವುದಿಲ್ಲ ಅಂತ ಅಲ್ಲಿನ ಸಂಸ್ಥೆಯ ಅಧ್ಯಕ್ಷರು ಮತ್ತೆ ಹೇಳಿದ್ದಾರೆ. ಹಾಗಾಗದಿರಲಿ ಅನ್ನುವುದು ನನ್ನ ಆಸೆ.

ಬ್ರೆಜಿಲ್ ತಂಡ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. 1958ರ ವಿಶ್ವಕಪ್‌ಗೆ ಅವರು ಆಟಗಾರರ ನಂಬರ್ ಬರೆದು ಕಳಿಸಿರಲಿಲ್ಲ. ಬೇರೆ ಯಾರೋ ತೋಚಿದ ಹಾಗೆ ಹಂಚಿದರು. ಗೋಲಿ (ಗೋಲ್‌ಕೀಪರ್) ಗಿಲ್ಮಾರ್‌ಗೆ 3 ಸಿಕ್ಕಿತು. 17 ವರ್ಷದ ಪೆಲೆಗೆ 10 ಸಿಕ್ಕಿತು. ಸುಮ್ನೆ ಬಂದ ನಂಬರ್ ಅದು, ಹುಡುಗ ಅದಕ್ಕೆ ಬೆಲೆ ತಂದುಕೊಟ್ಟ. ಆಮೇಲೆ ಆ ಜೆರ್ಸಿ ರಿವೆಲಿನೊ, ಜಿಕೊ, ರಿವಾಲ್ಡೊ, ರೊನಾಲ್ಡಿನೊ, ಕಾಕಾ, ನೇಮಾರ್ ಅಂತ ಕೈಯಿಂದ ಕೈಗೆ ಬಂತು. ಇವರಲ್ಲಿ ಒಬ್ಬರಾದರೂ ಪೆಲೆಯ ಹೆಸರನ್ನು ಚಿಕ್ಕದು ಮಾಡಿದರಾ? ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವಲ್ಲ, ಇದೂ ಹಾಗೆಯೇ. ಹೆಸರು ಮನೆಯಲ್ಲಿ ಓಡಾಡಿಕೊಂಡು ಇರಬೇಕು.

ಪೆಲೆ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ ಅನ್ನುವುದು ನಿಮ್ಮ ಓದುಗರಲ್ಲಿ ತುಂಬಾ ಜನಕ್ಕೆ ಗೊತ್ತಿರಬಹುದು. ಅಲ್ಲಿ ಸಂಜೆ ಆಡುವ ಹುಡುಗರ ಬೆನ್ನು ನೋಡಿ. ಹಳದಿ ಜೆರ್ಸಿ, ಒಗೆದು ಒಗೆದು 10ರ ಸೊನ್ನೆ ಅರ್ಧ ಕಿತ್ತುಬಂದಿರುತ್ತದೆ, ಆದರೂ ಅದನ್ನೇ ಹಾಕಿಕೊಂಡು ಬರುತ್ತಾರೆ. ಪೆಲೆ ಆಡಿದ್ದನ್ನು ಕಣ್ಣಾರೆ ನೋಡಿದ ಒಬ್ಬ ಹುಡುಗನೂ ಅಲ್ಲಿಲ್ಲ. ಆ 10 ಅವರವರೆಗೆ ಬಂದು ಮುಟ್ಟಿದ್ದು ನಡುವೆ ಆಡಿದವರ ಬೆನ್ನ ಮೇಲೆ.

ಈ ನಂಬರ್ ಪದ್ಧತಿಯ ಕಥೆ ಸ್ವಲ್ಪ ಗೊತ್ತಿದ್ದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಲೀಗ್‌ನಲ್ಲಿ ಬೆನ್ನಿಗೆ ನಂಬರ್ ಹಾಕಿಕೊಂಡು ಆಡಿದ್ದು ಮೊದಲು 1928ರಲ್ಲಿ. ಆಗ ನಂಬರ್ ಆಟಗಾರನಿಗೆ ಸೇರಿದ್ದಾಗಿರಲಿಲ್ಲ, ಅವನು ನಿಲ್ಲುವ ಜಾಗಕ್ಕೆ ಸೇರಿತ್ತು. 1 ಅಂದರೆ ಗೋಲಿ, 9 ಅಂದರೆ ಗೋಲು ಹೊಡೆಯುವವನು, 11 ಅಂದರೆ ಎಡ ವಿಂಗ್. ಇವತ್ತು ಒಬ್ಬ 7 ತೊಟ್ಟರೆ ಮುಂದಿನ ವಾರ ಇನ್ನೊಬ್ಬ. ಇಡೀ ಸೀಸನ್‌ಗೆ ಒಬ್ಬರಿಗೆ ಒಂದೇ ನಂಬರ್ ಅನ್ನುವ ನಿಯಮ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಬಂದದ್ದು 1993ರಲ್ಲಿ, ಇಟಲಿಗೆ 1995ರಲ್ಲಿ. ಅದಾದ ಮೇಲೇ ಯುರೋಪಿನ ಕ್ಲಬ್‌ಗಳಲ್ಲಿ ಈ ರಿಟೈರ್ ಮಾಡುವ ಅಭ್ಯಾಸ ಜಾಸ್ತಿಯಾಯಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು 1939ರಿಂದಲೂ ಇತ್ತು. ಅಲ್ಲಿನ ಫುಟ್‌ಬಾಲ್ ಕ್ಲಬ್ ನ್ಯೂಯಾರ್ಕ್ ಕಾಸ್ಮೊಸ್ 1977ರಲ್ಲೇ ಪೆಲೆಯ 10ನ್ನು ರಿಟೈರ್ ಮಾಡಿದ್ದು ಅಲ್ಲಿನ ಪದ್ಧತಿಯಂತೆಯೇ.

ಲಿವರ್‌ಪೂಲ್‌ನ ಉದಾಹರಣೆ ನನಗೆ ತುಂಬಾ ಇಷ್ಟ. 1977ರಲ್ಲಿ 7ನೇ ನಂಬರಿನ ಕೆವಿನ್ ಕೀಗನ್ ಯುರೋಪಿಯನ್ ಕಪ್ ಗೆದ್ದುಕೊಟ್ಟು ಹ್ಯಾಂಬರ್ಗ್‌ಗೆ ಹೋದರು. ಅಭಿಮಾನಿಗಳಿಗೆ ಆಕಾಶ ಕಳಚಿಬಿದ್ದ ಹಾಗಾಯಿತು. ಆ 7 ಸಿಕ್ಕಿದ್ದು ಸೆಲ್ಟಿಕ್‌ನಿಂದ ಬಂದ ಕೆನಿ ಡಾಲ್ಗ್ಲಿಶ್‌ಗೆ. ಈಗ ಲಿವರ್‌ಪೂಲ್ ಅಭಿಮಾನಿಗಳನ್ನು ಕೇಳಿ, 7 ಅಂದರೆ ಯಾರು ಅಂತ. ಡಾಲ್ಗ್ಲಿಶ್ ಅನ್ನುತ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್‌ನ 7 ಕೂಡ ಹಾಗೆಯೇ. ಬೆಸ್ಟ್, ರಾಬ್ಸನ್, ಕಾಂಟೊನಾ, ಬೆಕಮ್, ರೊನಾಲ್ಡೊ. ಇವರಲ್ಲಿ ಯಾರೋ ಒಬ್ಬರ ನಂತರ ನಿಲ್ಲಿಸಿಬಿಟ್ಟಿದ್ದರೆ ಈ ಸಾಲು ಎಲ್ಲಿರುತ್ತಿತ್ತು?

ಆ ಭಾರ ಎಲ್ಲರಿಗೂ ಹೊರಲು ಆಗುವುದಿಲ್ಲ, ನಿಜ. ಅದೇ ಯುನೈಟೆಡ್‌ನಲ್ಲಿ ಆಂಟೋನಿಯೊ ವಲೆನ್ಸಿಯಾ ಒಂದು ಸೀಸನ್ 7 ತೊಟ್ಟು, ಸರಿಹೋಗದೆ, ನನ್ನ ಹಳೇ 25 ವಾಪಸ್ ಕೊಡಿ ಅಂತ ಕೇಳಿ ಪಡೆದರು. ಇದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ. ಒಬ್ಬರಿಂದ ಆಗದಿದ್ದರೆ ಇನ್ನೊಬ್ಬರು ಬರುತ್ತಾರೆ. ಸ್ಪೇನ್‌ನಲ್ಲಂತೂ ಆಟಗಾರರ ನಂಬರ್ 1ರಿಂದ 25ರೊಳಗೇ ಇರಬೇಕು ಅಂತ ಲೀಗ್ ನಿಯಮವೇ ಇರುವುದರಿಂದ ಬಾರ್ಸಿಲೋನಾಗೆ ಮೆಸ್ಸಿಯ 10ನ್ನು ಎತ್ತಿಡುವುದು ಕಷ್ಟ. 2021ರಲ್ಲಿ ಅನ್ಸು ಫಾಟಿಗೆ ಕೊಟ್ಟರು, ಗಾಯಗಳ ಕಾಟದಲ್ಲಿ ಅವನಿಗೆ ನಿಭಾಯಿಸಲು ಆಗಲಿಲ್ಲ. 2025ರಲ್ಲಿ ಲಮೀನ್ ಯಮಾಲ್‌ಗೆ ಕೊಟ್ಟರು. ಈಗ ಆ 10 ನೋಡಲು ಮಕ್ಕಳು ಮತ್ತೆ ಸ್ಟೇಡಿಯಂಗೆ ಬರುತ್ತಾರೆ.

ಇನ್ನು ಕೆಲವು ಕ್ಲಬ್‌ಗಳು ತೀರಾ ಅವಸರ ಮಾಡುತ್ತವೆ. 2020ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ 17 ವರ್ಷದ ಜೂಡ್ ಬೆಲಿಂಗಮ್ ಹೆಸರಲ್ಲಿ 22ನ್ನು ರಿಟೈರ್ ಮಾಡಿತು. ಹುಡುಗ ಸೀನಿಯರ್ ತಂಡಕ್ಕೆ ಆಡಿದ್ದು ಒಂದೇ ಸೀಸನ್, 44 ಪಂದ್ಯ. ಆಮೇಲೆ ಅವನು ದೊಡ್ಡ ಆಟಗಾರನಾದ, ಸಂತೋಷ. ಆದರೆ ಅದೇ ಅಕಾಡೆಮಿಯ ಮುಂದಿನ ಹುಡುಗನಿಗೆ ಆ 22 ಕೊಟ್ಟು ನೀನೂ ಹೀಗೆ ಬೆಳಿ ಅಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನಮ್ಮ ಆರ್‌ಸಿಬಿಯವರು 2023ರಲ್ಲಿ ಡಿವಿಲಿಯರ್ಸ್ ಅವರ 17 ಮತ್ತು ಗೇಲ್ ಅವರ 333ನ್ನು ರಿಟೈರ್ ಮಾಡಿದರಲ್ಲ, ಫುಟ್‌ಬಾಲ್‌ಗೆ ಯಾಕೆ ಬೇಡ ಅಂತ ಕೆಲವರು ಕೇಳಬಹುದು. ಕ್ರಿಕೆಟ್‌ನಲ್ಲಿ ನಂಬರಿಗೂ ಆಡುವ ಜಾಗಕ್ಕೂ ಸಂಬಂಧವಿಲ್ಲ. 333 ಇಲ್ಲದಿದ್ದರೆ ಯಾರಿಗೂ ಏನೂ ಕಳೆದುಹೋಗುವುದಿಲ್ಲ. ಫುಟ್‌ಬಾಲ್‌ನಲ್ಲಿ 10 ಅಂದರೆ ಒಂದು ಕೆಲಸ, 9 ಅಂದರೆ ಒಂದು ಜವಾಬ್ದಾರಿ. ಆಡಲು ಬರುವ ಪ್ರತಿ ಮಗುವೂ ನಾನು ಒಂಬತ್ತು, ನಾನು ಹತ್ತು ಅಂತ ಜಗಳ ಮಾಡಿಕೊಂಡೇ ಬೆಳೆಯುವುದು.

ಆಡುತ್ತಿರುವಾಗಲೇ ತೀರಿಕೊಂಡವರ ವಿಷಯ ಮಾತ್ರ ಬೇರೆ. ಅಲ್ಲಿ ನಾನು ಪೂರ್ತಿ ಒಪ್ಪುತ್ತೇನೆ. 2004ರ ಡಿಸೆಂಬರ್ 5, ನಮ್ಮದೇ ಕಂಠೀರವ ಸ್ಟೇಡಿಯಂ, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗನ್ ವಿರುದ್ಧ ಎರಡು ಗೋಲು ಹೊಡೆದರು. ಎರಡನೆಯದು ಹೊಡೆಯುವಾಗ ಎದುರಾಳಿ ಗೋಲಿಗೆ ಡಿಕ್ಕಿಯಾಗಿ ಅಲ್ಲೇ ಕುಸಿದರು. ಉಳಿಯಲಿಲ್ಲ. ಅವರಿಗಿನ್ನೂ 25 ವರ್ಷ. ಡೆಂಪೊ ಗೆದ್ದ ಕಪ್ ಅದು, ಆದರೆ ಅವತ್ತು ಅದು ಯಾರಿಗೆ ಬೇಕಿತ್ತು ಹೇಳಿ. ಆ ಸೀಸನ್‌ನಲ್ಲೇ ಡೆಂಪೊ ನ್ಯಾಷನಲ್ ಲೀಗನ್ನೂ ಗೆದ್ದಿತು, ಜೂನಿಯರ್ ಅವರ 10ನೇ ನಂಬರನ್ನು ರಿಟೈರ್ ಮಾಡಿತು. ಇವತ್ತು ಕಂಠೀರವದಲ್ಲಿ ಕೂತು ಕೂಗುವ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ. ಗೊತ್ತಿರಬೇಕು.

ಮ್ಯಾಂಚೆಸ್ಟರ್ ಸಿಟಿಯಲ್ಲಿ 23 ತೊಡುತ್ತಿದ್ದ ಕ್ಯಾಮರೂನ್‌ನ ಮಾರ್ಕ್ ವಿವಿಯೆನ್ ಫೋ 2003ರ ಜೂನ್‌ನಲ್ಲಿ ದೇಶಕ್ಕಾಗಿ ಆಡುತ್ತಾ ಮೈದಾನದಲ್ಲೇ ಬಿದ್ದು ತೀರಿಕೊಂಡರು. ಸಿಟಿ ಆ ನಂಬರನ್ನು ಎತ್ತಿಟ್ಟಿತು. ಅದಕ್ಕೂ ಮುಂಚೆ ಫೋ ಆಡಿದ್ದ ಫ್ರಾನ್ಸ್‌ನ ಲಿಯೋನ್ ಕ್ಲಬ್ ಕೂಡ ಅವರ 17ನ್ನು ಎತ್ತಿಟ್ಟಿತ್ತು, ಆದರೆ 2008ರಲ್ಲಿ ಅದೇ ಕ್ಯಾಮರೂನ್‌ನ ಮಾಕೂನ್ ಆ ಕ್ಲಬ್ಬಿಗೆ ಬಂದಾಗ ಫೋ ನೆನಪಿಗಾಗಿಯೇ 17 ತೊಟ್ಟರು. ಎರಡೂ ನನಗೆ ಸರಿ ಅನ್ನಿಸುತ್ತದೆ. ಎರಡನೆಯದು ಮನಸ್ಸಿಗೆ ಇನ್ನೂ ಹತ್ತಿರ.

ಇಟಲಿಯ ನಾಪೋಲಿ ಕ್ಲಬ್ 2000ದಲ್ಲಿ ಮರಡೋನಾ ಅವರ 10ನ್ನು ಎತ್ತಿಟ್ಟದ್ದರ ಬಗ್ಗೆ ನಾನು ಜಾಸ್ತಿ ವಾದ ಮಾಡುವುದಿಲ್ಲ. ಒಮ್ಮೆಯೂ ಲೀಗ್ ಗೆದ್ದಿರದ ಊರಿಗೆ ಎರಡು ಸಲ ಗೆದ್ದುಕೊಟ್ಟ ಮನುಷ್ಯ. ಆದರೂ ಕ್ಲಬ್ ದಿವಾಳಿಯಾಗಿ ಮೂರನೇ ದರ್ಜೆಗೆ ಇಳಿದಾಗ, ಅಲ್ಲಿ 1ರಿಂದ 11ರ ಹಳೇ ನಿಯಮವೇ ಇದ್ದದ್ದರಿಂದ, ಆ 10 ಮತ್ತೆ ಹೊರಗೆ ಬರಲೇಬೇಕಾಯಿತು. ಅರ್ಜೆಂಟೀನಾದವರೇ ಆದ ರೊಬೆರ್ಟೊ ಸೋಸಾ ಅದನ್ನು ತೊಟ್ಟರು. ಮರಡೋನಾ ಅವರ ಗೌರವ ಅದರಿಂದ ಒಂದು ಚೂರೂ ಕಡಿಮೆಯಾಗಲಿಲ್ಲ.

ನನಗೆ ಹಿಡಿಸಿದ ದಾರಿ ಇಟಲಿಯದ್ದೇ ಆದ ರೋಮಾ ತಂಡದ್ದು. 13 ವರ್ಷ ಆಡಿದ ಅಲ್ಡೈರ್ 2003ರಲ್ಲಿ ಹೋದಾಗ 6ನ್ನು ಎತ್ತಿಟ್ಟರು. ಹತ್ತು ವರ್ಷ ಯಾರಿಗೂ ಕೊಡಲಿಲ್ಲ. 2013ರಲ್ಲಿ ಸ್ಟ್ರೂಟ್‌ಮನ್ ಬಂದಾಗ ಅಲ್ಡೈರ್ ಅವರ ಒಪ್ಪಿಗೆ ಪಡೆದು ಕೊಟ್ಟರು. ಮಿಲಾನ್ ಮಾಲ್ದಿನಿಯ 3ನ್ನು ಅವರ ಮಕ್ಕಳಿಗೆ ಮಾತ್ರ ಅಂತ ಇಟ್ಟಿತು, ಮಗ ಡ್ಯಾನಿಯಲ್ ತಂಡಕ್ಕೆ ಬಂದರೂ 27 ತೊಟ್ಟು ಆಡಿದ. ಅಪ್ಪನ ನಂಬರ್ ಮಗನಿಗೇ ಸಿಗಬೇಕು ಅನ್ನುವ ಷರತ್ತು ಹಾಕಿದರೆ ಹೀಗೇ ಆಗುವುದು.

ಹಾಗಾಗಿ ಬೆಂಗಳೂರು ಎಫ್‌ಸಿಯವರಿಗೆ ನನ್ನ ಕೋರಿಕೆ ಇಷ್ಟೇ. ಚೆಟ್ರಿ ನಂತರ 11ನ್ನು ಕೆಲವು ವರ್ಷ ಖಾಲಿ ಬಿಡಿ, ಯಾರಿಗೂ ಅವಸರದಲ್ಲಿ ಕೊಡಬೇಡಿ, ಹೊರದೇಶದಿಂದ ಒಂದು ಸೀಸನ್‌ಗೆ ಬಂದುಹೋಗುವವರಿಗಂತೂ ಬೇಡವೇ ಬೇಡ. ಯಾರಿಗೆ, ಯಾವಾಗ ಅನ್ನುವುದನ್ನು ಚೆಟ್ರಿ ಅವರೇ ಹೇಳಲಿ, ಕಂಠೀರವದಲ್ಲಿ ಎಲ್ಲರ ಮುಂದೆ ಅವರ ಕೈಯಿಂದಲೇ ಕೊಡಿಸಿ. ಆ ಹುಡುಗ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನಾದರೆ, ಗೌತಮಪುರದವನೋ ಆಸ್ಟಿನ್ ಟೌನಿನವನೋ ಆದರೆ, ನಮಗೆ ಇನ್ನೂ ಖುಷಿ.

ಇಂತಿ,
ಒಬ್ಬ ಫುಟ್‌ಬಾಲ್ ಅಭಿಮಾನಿ, ಬೆಂಗಳೂರು