ಹೊಸ ಡ್ರೈವರಿನಿಂದ ಧ್ವನಿಮುದ್ರಣ ಹಾಳಾಗಿರುವ ಬಗ್ಗೆ ದೂರು

ಪೆರ್ಲ, ಕಾಸರಗೋಡು ಜಿಲ್ಲೆ
25-08-2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು ಕಚೇರಿ

ವಿಷಯ: ನಿಮ್ಮ ನಾಲ್ಕು ಮೈಕಿನ ಆಡಿಯೋ ಇಂಟರ್‌ಫೇಸಿನ (ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಹೊಸ ಡ್ರೈವರಿನಿಂದ (ಅದನ್ನು ಕಂಪ್ಯೂಟರಿನೊಂದಿಗೆ ನಡೆಸುವ ತಂತ್ರಾಂಶ) ಧ್ವನಿ ಕಡಿದುಹೋಗುತ್ತಿರುವುದು, ಹಳೆಯ ಡ್ರೈವರನ್ನು ಮರಳಿ ಒದಗಿಸುವಂತೆ ಕೋರಿಕೆ.

ಮಾನ್ಯರೇ,

ಕಳೆದ ನಾಲ್ಕು ವಾರಗಳಲ್ಲಿ ನಿಮಗೆ ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಬಂದದ್ದು ಒಂದೇ ಉತ್ತರ: ತೊಂದರೆ ನಿಮ್ಮ ಕಂಪ್ಯೂಟರಿನದು, ಕೆಳಗಿನ ಕ್ರಮಗಳನ್ನು ಅನುಸರಿಸಿ. ಆ ಕ್ರಮಗಳೂ ಪ್ರತಿ ಸಲ ಅವೇ, ಒಂದಕ್ಷರವೂ ಬದಲಾಗಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಕನ್ನಡ ಓದುವವರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಕೊನೆಯವರೆಗೆ ಓದಲಿ ಎಂದು ಈ ಸಲ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕ. ತೆಂಕುತಿಟ್ಟು ಎಂಬ ಯಕ್ಷಗಾನ ಶೈಲಿಯ ಹಿರಿಯ ಭಾಗವತರ ಹಾಡುಗಳನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ಬಿಡುವಿನಲ್ಲಿ ಮಾಡುತ್ತೇನೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕಲಾವಿದರು ಊರಿನಲ್ಲಿ ಸಿಗುತ್ತಾರೆ. ಹಾಗಾಗಿ ಆಟಿ ತಿಂಗಳೇ (ಜುಲೈ-ಆಗಸ್ಟ್) ನಮಗೆ ಧ್ವನಿಮುದ್ರಣದ ಕಾಲ. ನಿಮ್ಮ ಪೆಟ್ಟಿಗೆಯನ್ನು ಎರಡು ವರ್ಷದ ಹಿಂದೆ 22,000 ರೂಪಾಯಿ ಕೊಟ್ಟು ಕೊಂಡದ್ದು ಇದೊಂದೇ ಕೆಲಸಕ್ಕೆ. ಈ ಎರಡು ವರ್ಷಗಳಲ್ಲಿ ಇದೇ ಲ್ಯಾಪ್‌ಟಾಪ್, ಇದೇ ಕೇಬಲ್ ಇದ್ದಾಗ ಒಂದು ದಿನವೂ ಧ್ವನಿ ಕಡಿದಿರಲಿಲ್ಲ. ಜುಲೈ ಮೊದಲ ವಾರ ನಿಮ್ಮ ತಂತ್ರಾಂಶವೇ ಹೊಸ ಡ್ರೈವರ್ ಬಂದಿದೆ ಎಂದು ತೋರಿಸಿತು. ನಂಬಿ ಹಾಕಿಕೊಂಡೆ.

ಜುಲೈ 27ರ ಭಾನುವಾರ ಮಳೆ ಬಿಟ್ಟ ಹೊತ್ತು ನೋಡಿ 76 ವರ್ಷದ ಭಾಗವತರೊಬ್ಬರು ನಮ್ಮ ಮನೆಯ ಚಾವಡಿಯಲ್ಲಿ ಹಾಡಲು ಕುಳಿತರು. ಜತೆಗೆ ಚೆಂಡೆ, ಮದ್ದಳೆ. ಮೊದಲ ಪದಕ್ಕೆ ಅವರ ಧ್ವನಿ ಸ್ವಲ್ಪ ಕಟ್ಟಿತ್ತು. ಒಂದು ಲೋಟ ಬಿಸಿನೀರು ಕುಡಿದ ಮೇಲೆ ಬಿಟ್ಟೂ ಬಿಡದೆ 38 ನಿಮಿಷ ಹಾಡಿದರು. ಹೆಡ್‌ಫೋನಿಗೆ ಧ್ವನಿ ನೇರವಾಗಿ ಪೆಟ್ಟಿಗೆಯಿಂದಲೇ ಬರುತ್ತಿತ್ತು, ಕಂಪ್ಯೂಟರಿಗೆ ಹೋಗಿ ಬರುತ್ತಿರಲಿಲ್ಲ. ಆದ್ದರಿಂದ ಒಳಗೆ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ರಾತ್ರಿ ಕೇಳಿದಾಗ ತ್ರಿವುಡೆ ತಾಳದ ಪದದಲ್ಲಿ ಐದನೆಯ ಅಕ್ಷರದ (ಎಣಿಕೆಯ) ಪೆಟ್ಟೇ ಇಲ್ಲ. ಟಿಕ್ ಎಂಬ ಸಣ್ಣ ಸದ್ದಾಗಿ ನಾಲ್ಕರಿಂದ ನೇರ ಆರಕ್ಕೆ ಹಾರುತ್ತದೆ. ಇನ್ನೊಂದೆಡೆ ಆಲಾಪದ ನಡುವೆ ಸ್ವರ ಮುರಿದು ಮತ್ತೆ ಹುಟ್ಟುತ್ತದೆ. ಏಳು ಅಕ್ಷರದ ತಾಳದಲ್ಲಿ ಒಂದು ಪೆಟ್ಟು ಕಾಣೆಯಾದರೆ ಕೇಳುವವರು ಡ್ರೈವರನ್ನು ದೂರುವುದಿಲ್ಲ, ಮದ್ದಳೆಯವರ ಕೈ ತಪ್ಪಿತು ಎನ್ನುತ್ತಾರೆ. ನಲವತ್ತು ವರ್ಷ ಮೇಳದಲ್ಲಿ ನುಡಿಸಿದವರ ಮೇಲೆ ಅಂಥ ಮಾತು ಬರುವುದನ್ನು ನಾನು ಸಹಿಸಲಾರೆ. ನನ್ನ ಸಿಟ್ಟಿಗೆ ಮುಖ್ಯ ಕಾರಣ ಇದೇ.

ಅಂದು ಪಕ್ಕದಲ್ಲಿ ಮೊಬೈಲ್ ಕೂಡ ಇಟ್ಟಿದ್ದೆ. ಆರಂಭದ ಚಪ್ಪಾಳೆಯಿಂದ ಮದ್ದಳೆಯ ಕೊನೆಯ ಪೆಟ್ಟಿನವರೆಗೆ ಅಳೆದರೆ ಮೊಬೈಲಿನದಕ್ಕಿಂತ ನಿಮ್ಮ ಪೆಟ್ಟಿಗೆಯ ಮುದ್ರಣ 1.6 ಸೆಕೆಂಡು ಗಿಡ್ಡವಾಗಿದೆ. ಎರಡು ಯಂತ್ರಗಳ ಗಡಿಯಾರಗಳ ನಡುವೆ ಸಹಜವಾಗಿ ಬರುವ ವ್ಯತ್ಯಾಸ ಅಷ್ಟು ಹೊತ್ತಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು ಇರಬಹುದು, ಅದಕ್ಕಿಂತ ಹೆಚ್ಚಲ್ಲ. ಡ್ರೈವರ್ ಒಂದು ಸಲಕ್ಕೆ ಸಾಗಿಸುವ ಧ್ವನಿಯ ಕಂತಿಗೆ ಬಫರ್ ಎನ್ನುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 256 ಸ್ಯಾಂಪಲಿನ ಒಂದು ಬಫರ್ ಎಂದರೆ 5.3 ಮಿಲಿಸೆಕೆಂಡು. ಅಂದರೆ ಸುಮಾರು 300 ಬಫರ್‌ಗಳು ಲ್ಯಾಪ್‌ಟಾಪಿಗೆ ಮುಟ್ಟಲೇ ಇಲ್ಲ.

ನಿಮ್ಮ ಕ್ರಮಗಳನ್ನು ಒಂದೂ ಬಿಡದೆ ಮಾಡಿದ್ದೇನೆ. ಬಫರನ್ನು 512ಕ್ಕೆ, 1024ಕ್ಕೆ ಏರಿಸಿದೆ. ಕಡಿತ ವಿರಳವಾಯಿತು, ನಿಲ್ಲಲಿಲ್ಲ. ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ತೆಗೆದೆ, ಯುಎಸ್‌ಬಿ ತಾನಾಗಿ ಮಲಗದಂತೆ ಮಾಡಿದೆ, ಹಬ್ ಬಿಟ್ಟು ನೇರ ಜೋಡಿಸಿದೆ, ಕೇಬಲ್ ಬದಲಿಸಿದೆ, ವೈಫೈ ಮತ್ತು ಬ್ಲೂಟೂತ್ ಆರಿಸಿದೆ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದೆ. ಕೊನೆಗೆ ನೀವು ಹೇಳಿದಿರೆಂದು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಎರಡು ದಿನ ಹೋಯಿತು, ಕಡಿತ ಹೋಗಲಿಲ್ಲ.

ಆಮೇಲೆ ನಾನೇ ಎರಡು ಪರೀಕ್ಷೆ ಮಾಡಿದೆ. ಬದಿಯಡ್ಕದ ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹಳೆಯ ಡ್ರೈವರ್ ಇನ್ನೂ ಇದೆ. ನನ್ನ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿ ಎರಡು ಗಂಟೆ ಮುದ್ರಿಸಿದೆ, ಎಲ್ಲೂ ಕಡಿಯಲಿಲ್ಲ. ಹಾಗಾದರೆ ಪೆಟ್ಟಿಗೆಯಲ್ಲಿ ದೋಷವಿಲ್ಲ. ಬಳಿಕ ನನ್ನ ಲ್ಯಾಪ್‌ಟಾಪಿನಿಂದ ನಿಮ್ಮ ಡ್ರೈವರನ್ನು ತೆಗೆದು, ವಿಂಡೋಸ್‌ನಲ್ಲೇ ಇರುವ ಯುಎಸ್‌ಬಿ ಆಡಿಯೋ 2.0 ಡ್ರೈವರಿನಲ್ಲಿ ಅಷ್ಟೇ ಹೊತ್ತು ಮುದ್ರಿಸಿದೆ. ಆಗಲೂ ಕಡಿಯಲಿಲ್ಲ. ಹಾಗಾದರೆ ಲ್ಯಾಪ್‌ಟಾಪಿನಲ್ಲೂ ದೋಷವಿಲ್ಲ. ಉಳಿದದ್ದು ನಿಮ್ಮ ಹೊಸ ಡ್ರೈವರ್ ಒಂದೇ. ವಿಂಡೋಸಿನ ಡ್ರೈವರನ್ನೇ ಬಳಸಿಕೊಳ್ಳಿ ಎನ್ನಬೇಡಿ. ಮುದ್ರಿತ ಹಾಡಿನ ಮೇಲೆ ಚೆಂಡೆಯನ್ನು ಬೇರೆಯಾಗಿ ಕೂಡಿಸುವಾಗ ಎಎಸ್‌ಐಒ (ಧ್ವನಿ ತಡವಾಗದಂತೆ ನಡೆಸುವ ವ್ಯವಸ್ಥೆ) ಇಲ್ಲದೆ ನನ್ನ ಕೆಲಸ ಸಾಗುವುದಿಲ್ಲ. ಅದಿದೆ ಎಂದು ಹೇಳಿಯೇ ನೀವು ಇದನ್ನು ಮಾರಿದ್ದೀರಿ.

ಹೊಸ ಡ್ರೈವರ್ ಇರುವಾಗ, ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂದು ಅಳೆಯುವ ಲೇಟೆನ್ಸಿಮಾನ್ ತಂತ್ರಾಂಶವನ್ನು 40 ನಿಮಿಷ ಓಡಿಸಿದೆ. ಅತಿ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟ ಕಡತ ನಿಮ್ಮದೇ, ಒಮ್ಮೆಯಂತೂ 4 ಮಿಲಿಸೆಕೆಂಡಿಗೂ ಹೆಚ್ಚು. ಡ್ರೈವರುಗಳ ಇಂಥ ತುರ್ತು ಕೆಲಸ 100 ಮೈಕ್ರೋಸೆಕೆಂಡು ಮೀರಬಾರದು ಎಂಬುದು ಮೈಕ್ರೋಸಾಫ್ಟ್ ಹಾಕಿಕೊಟ್ಟ ಮಿತಿ. ನಿಮ್ಮದು ಅದರ ನಲವತ್ತು ಪಟ್ಟು. ಆ ವರದಿಯನ್ನೂ ಎರಡು ಮುದ್ರಣಗಳ ತುಣುಕುಗಳನ್ನೂ ಈ ಪತ್ರದೊಂದಿಗೆ ಮತ್ತೊಮ್ಮೆ ಲಗತ್ತಿಸಿದ್ದೇನೆ. ದಯವಿಟ್ಟು ಈ ಸಲ ತೆರೆದು ನೋಡಿ.

ತಪ್ಪು ಯಾರ ತಂತ್ರಾಂಶದಲ್ಲೂ ಆಗಬಹುದು. ಆದರೆ ಹೊಸದನ್ನು ಬಿಟ್ಟ ದಿನವೇ ಹಳೆಯ ಡ್ರೈವರನ್ನು ನಿಮ್ಮ ಜಾಲತಾಣದಿಂದ ತೆಗೆದುಹಾಕಿದ್ದು ತಪ್ಪಲ್ಲ, ಅನ್ಯಾಯ. ಹಿಂದೆ ಹೋಗುವ ದಾರಿಯನ್ನೇ ಮುಚ್ಚಿದ್ದೀರಿ. ಗೆಳೆಯರ ಬಳಿಯೂ ಅದನ್ನು ಹಾಕುವ ಕಡತ ಉಳಿದಿಲ್ಲ.

ಆದ್ದರಿಂದ ಹಳೆಯ ಡ್ರೈವರನ್ನು ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಮತ್ತೆ ಹಾಕಿ. ಹೊಸದರಲ್ಲಿ ದೋಷವಿದೆ ಎಂದು ಅದರ ಪಕ್ಕದಲ್ಲೇ ಬರೆಯಿರಿ. ನನ್ನಂತೆ ಬೇರೆ ಯಾರೂ ಇದಕ್ಕಾಗಿ ವಿಂಡೋಸ್ ಅಳಿಸುವಂತಾಗಬಾರದು. ಸೆಪ್ಟೆಂಬರ್ 10ರೊಳಗೆ ಇದು ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಗ್ರಾಹಕ ತಾನು ವಾಸವಿರುವಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ವಿಷಯವನ್ನು ಭಾಗವತರಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಅವರು ಬೇಸರ ತೋರಿಸಲಿಲ್ಲ. ನವರಾತ್ರಿಗೆ ಮೊದಲು ಇನ್ನೊಮ್ಮೆ ಬಂದು ಹಾಡುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಹಳೆಯ ಡ್ರೈವರ್ ನನ್ನ ಕೈ ಸೇರಬೇಕು.

ಇತಿ,
ನಿಮ್ಮ ಗ್ರಾಹಕ